ಎಂಟನೇ ದಿನ ಆ ಊರಲ್ಲಿ ಏನಾಗುತ್ತದೆ?

ನಮ್ಮ ಕಾಲೇಜು ಮಕ್ಕಳ ಏಳು ದಿನದ ಸೇವಾ ಶಿಬಿರದಲ್ಲಿ ಅರವತ್ತು ಗುಂಡಿ ತೆಗೆದಿದ್ದೆವು. ತುಮಕೂರು ಜಿಲ್ಲೆಯ ಒಂದು ಸಣ್ಣ ಊರು. ಅಲ್ಲಿನ ಸರ್ಕಾರಿ ಶಾಲೆಯ ಕಾಂಪೌಂಡಿನ ಉದ್ದಕ್ಕೂ, ಒಂದೊಂದು ಗುಂಡಿ ಒಂದೂವರೆ ಅಡಿ ಆಳ. ಏಪ್ರಿಲ್ ತಿಂಗಳು, ಅದೂ ಬರದ ವರ್ಷ. ಹಾರೆ ಹಾಕಿದರೆ ನೆಲ ಟಣ್ ಅನ್ನುತ್ತಿತ್ತು. ಮೂರನೇ ದಿನಕ್ಕೆ ಹುಡುಗರ ಅಂಗೈ ತುಂಬ ಬೊಬ್ಬೆ. ಆದರೂ ಯಾರೂ ಹಾರೆ ಕೆಳಗಿಡಲಿಲ್ಲ. ನರ್ಸರಿಯಿಂದ ಹೊಂಗೆ, ಬೇವು, ನೇರಳೆ ಸಸಿ ತಂದು ನೆಟ್ಟರು. ಏಳನೇ ದಿನ ಸಮಾರೋಪ ಸಮಾರಂಭ ಆಯಿತು. ಊರಿನವರು ಕಟ್ಟಿಕೊಟ್ಟ ಹುರಿದ ಕಡ್ಲೆಕಾಯಿ ತಿನ್ನುತ್ತ ಎಲ್ಲರೂ ಬಸ್ಸು ಹತ್ತಿದೆವು. ಅರ್ಧ ಹುಡುಗಿಯರು ಅಳುತ್ತಿದ್ದರು.

ಹತ್ತು ತಿಂಗಳು ಬಿಟ್ಟು ಆ ಶಾಲೆಗೆ ಹೋದೆ. ಅರವತ್ತರಲ್ಲಿ ನಾಲ್ಕು ಗಿಡ ಉಳಿದಿದ್ದವು. ನಾಲ್ಕೂ ಅಡುಗೆ ಕೋಣೆಯ ಹಿಂದೆ ಇದ್ದವು. ಬರ ಅಂತ ಆ ಬೇಸಿಗೆ ರಜೆಯಲ್ಲೂ ಮಕ್ಕಳಿಗೆ ಬಿಸಿಯೂಟ ನಡೆದಿತ್ತು. ಅಡುಗೆ ಮಾಡುವ ಅಮ್ಮ ಪಾತ್ರೆ ತೊಳೆದ ನೀರನ್ನು ಆ ಗಿಡಗಳ ಬುಡಕ್ಕೆ ಹಾಕಿದ್ದರು. "ಕೈಗೆ ಸಿಕ್ಕೋ ನಾಲ್ಕಕ್ಕೆ ಹಾಕ್ದೆ ಸಾ. ಮಿಕ್ಕಿದ್ದಕ್ಕೆ ಎಲ್ಲಿಂದ ಹೊರ್ಲಿ? ನಮ್ಗೇ ಟ್ಯಾಂಕರ್ ನೀರು" ಅಂದರು. ಬೇಜಾರಿನಿಂದ ಹೇಳಲಿಲ್ಲ, ಇದ್ದದ್ದನ್ನು ಹೇಳಿದರು ಅಷ್ಟೆ.

ಆವತ್ತಿನಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಕಾಲೇಜು ಮಕ್ಕಳು ರಜೆಯಲ್ಲಿ ಹಳ್ಳಿಗೆ ಹೋಗಿ ಸೇವೆ ಮಾಡಿ ಬರುತ್ತಾರಲ್ಲ, ಎಂಟನೇ ದಿನ ಆ ಊರಲ್ಲಿ ಏನಾಗುತ್ತದೆ?

ನಾನು ಓದುವಾಗ ರಾಷ್ಟ್ರೀಯ ಸೇವಾ ಯೋಜನೆಯ, ಅಂದರೆ ಎನ್‌ಎಸ್‌ಎಸ್ ಸ್ವಯಂಸೇವಕನಾಗಿದ್ದೆ. ಆಮೇಲೆ ಉಪನ್ಯಾಸಕನಾಗಿ ಮೂರು ವರ್ಷ ಶಿಬಿರಾಧಿಕಾರಿಯಾಗಿದ್ದೆ. ಈ ಶಿಬಿರಗಳ ಮೇಲೆ ನನಗೆ ಪ್ರೀತಿ ಇದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಗಾಂಧಿ ನೂರರ ವರ್ಷದಲ್ಲಿ ಶುರುವಾದದ್ದು

ಓದುವ ಮಕ್ಕಳು ಸಮಾಜದ ಕೆಲಸ ಮಾಡಬೇಕು ಅನ್ನುವುದು ನಮ್ಮಲ್ಲಿ ಹೊಸ ಮಾತಲ್ಲ. ಸ್ವಾತಂತ್ರ್ಯ ಬಂದ ಹೊಸದರಲ್ಲೇ ವಿಶ್ವವಿದ್ಯಾಲಯ ಶಿಕ್ಷಣದ ಬಗೆಗಿನ ರಾಧಾಕೃಷ್ಣನ್ ಆಯೋಗ ಇದನ್ನು ಹೇಳಿತ್ತು. 1959ರಲ್ಲಿ ಇದಕ್ಕೆಂದೇ ಸಿ.ಡಿ. ದೇಶಮುಖ್ ಸಮಿತಿ ಬಂತು. 1964-66ರ ಕೊಠಾರಿ ಆಯೋಗವೂ ಇದನ್ನೇ ಒತ್ತಿ ಹೇಳಿತು. ಇದನ್ನು ಕಡ್ಡಾಯ ಮಾಡಬೇಕೋ, ಮಕ್ಕಳ ಇಷ್ಟಕ್ಕೆ ಬಿಡಬೇಕೋ ಅನ್ನುವ ಚರ್ಚೆ ವರ್ಷಗಟ್ಟಲೆ ನಡೆಯಿತು. ಕೊನೆಗೆ ಗಾಂಧಿಯವರ ಜನ್ಮಶತಮಾನೋತ್ಸವದ ವರ್ಷ, 1969ರ ಸೆಪ್ಟೆಂಬರ್ 24ರಂದು, 37 ವಿಶ್ವವಿದ್ಯಾಲಯಗಳ 40,000 ವಿದ್ಯಾರ್ಥಿಗಳೊಂದಿಗೆ ರಾಷ್ಟ್ರೀಯ ಸೇವಾ ಯೋಜನೆ ಶುರುವಾಯಿತು. ಅದನ್ನು ಶುರು ಮಾಡಿದ ಕೇಂದ್ರ ಶಿಕ್ಷಣ ಸಚಿವರು ವಿ.ಕೆ.ಆರ್.ವಿ. ರಾವ್. ನಮ್ಮ ಬಳ್ಳಾರಿಯಿಂದ ಲೋಕಸಭೆಗೆ ಗೆದ್ದು ಹೋಗಿದ್ದವರು. ಮುಂದೆ ಬೆಂಗಳೂರಿನಲ್ಲಿ ಐಸೆಕ್ ಅನ್ನುವ ಸಾಮಾಜಿಕ, ಆರ್ಥಿಕ ಅಧ್ಯಯನ ಸಂಸ್ಥೆ ಕಟ್ಟಿದವರೂ ಅವರೇ.

ಇವತ್ತು ದೇಶದಲ್ಲಿ ಸುಮಾರು 40 ಲಕ್ಷ ಸ್ವಯಂಸೇವಕರಿದ್ದಾರೆ. ಒಬ್ಬ ಸ್ವಯಂಸೇವಕ ಎರಡು ವರ್ಷದಲ್ಲಿ 240 ಗಂಟೆ ಕೆಲಸ ಮಾಡಬೇಕು. ಜೊತೆಗೆ ಏಳು ದಿನದ ಒಂದು ವಿಶೇಷ ಶಿಬಿರ. ನೂರು ಮಂದಿಯ ಒಂದು ಘಟಕದಿಂದ ಐವತ್ತು ಮಂದಿ ಅದಕ್ಕೆ ಹೋಗುತ್ತಾರೆ. ನಿಮ್ಮೂರಿನ ಶಾಲೆಯಲ್ಲಿ ಬ್ಯಾನರ್ ಕಟ್ಟಿಕೊಂಡು, ಬೆಳಿಗ್ಗೆ ಜಾಥಾ ಹೊರಟು, ರಾತ್ರಿ ನಾಟಕ ಆಡುವ ಮಕ್ಕಳನ್ನು ನೋಡಿದ್ದೀರಲ್ಲ, ಅವರೇ ಇವರು.

ಮೊದಮೊದಲು ಈ ಶಿಬಿರಗಳಿಗೆ ದೇಶದ ಆ ಹೊತ್ತಿನ ಕಷ್ಟವೇ ವಿಷಯವಾಗಿರುತ್ತಿತ್ತು. 1973ರಲ್ಲಿ ಕ್ಷಾಮದ ವಿರುದ್ಧ ಯುವಜನ. ಅದರ ಮರುವರ್ಷ ಕೊಳೆ ಮತ್ತು ರೋಗದ ವಿರುದ್ಧ. ಆಗ ಕೆರೆ ಹೂಳೆತ್ತುವುದಕ್ಕೆ ಕೈಗಳೇ ಬೇಕಿತ್ತು. ಊರೂರಿಗೆ ಜೆಸಿಬಿ ಬಂದಿರಲಿಲ್ಲ. ಈಗ ಐವತ್ತು ಮಕ್ಕಳು ವಾರವೆಲ್ಲ ತೆಗೆಯುವ ಮಣ್ಣನ್ನು ಒಂದು ಜೆಸಿಬಿ ಅರ್ಧ ದಿನದಲ್ಲಿ ತೆಗೆದುಬಿಡುತ್ತದೆ. ಕಾಲ ಬದಲಾಯಿತು. ಶಿಬಿರದ ದಿನಚರಿ ಮಾತ್ರ ಹಾಗೇ ಉಳಿಯಿತು.

ಯಾರು ಯಾರಿಗೆ ಕೊಡುತ್ತಿದ್ದಾರೆ?

ಒಂದು ಸಣ್ಣ ಲೆಕ್ಕ ಹಾಕೋಣ. ಐವತ್ತು ಮಕ್ಕಳು ದಿನಕ್ಕೆ ಮೂರು ಗಂಟೆ ಶ್ರಮದಾನ ಮಾಡುತ್ತಾರೆ. ಉದ್ಘಾಟನೆ, ಸಮಾರೋಪ ಅಂತ ಒಂದು ದಿನ ಕಳೆಯಿರಿ. ಆರು ದಿನಕ್ಕೆ 900 ಗಂಟೆ. ಎಂಟು ಗಂಟೆಯ ಕೂಲಿ ದಿನದ ಲೆಕ್ಕದಲ್ಲಿ 112 ಆಳು. 2025-26ರಲ್ಲಿ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಅಂದರೆ ಇಡೀ ಶಿಬಿರದ ದುಡಿಮೆಯ ಬೆಲೆ ಸುಮಾರು 41,000 ರೂಪಾಯಿ. ಅದೂ ನಮ್ಮ ಮಕ್ಕಳು ಅಭ್ಯಾಸವಿರುವ ಆಳಿನಷ್ಟೇ ಕೆಲಸ ಮಾಡಿದರೆ. ಸರಿಯಾಗಿ ಹಾರೆ ಹಿಡಿಯುವುದು ಗೊತ್ತಾಗುವ ಹೊತ್ತಿಗೆ ನಾಲ್ಕನೇ ದಿನ ಬಂದಿರುತ್ತದೆ.

ಈಗ ಇನ್ನೊಂದು ಕಡೆ ನೋಡಿ. ಒಬ್ಬ ಶಿಬಿರಾರ್ಥಿಗೆ ಏಳು ದಿನಕ್ಕೆ 450 ರೂಪಾಯಿ ಅನ್ನುವ ಲೆಕ್ಕ ಬಹಳ ವರ್ಷ ಇತ್ತು. ಐವತ್ತು ಮಂದಿಗೆ 22,500. ತಲೆಗೆ ದಿನಕ್ಕೆ 64 ರೂಪಾಯಿ. ಅದರಲ್ಲಿ ತಿಂಡಿ, ಎರಡು ಹೊತ್ತಿನ ಊಟ, ಶಾಮಿಯಾನ, ಮೈಕು, ಬಸ್ಸು ಎಲ್ಲ ಆಗಬೇಕು. ಆಗುವುದಿಲ್ಲ. ಹಾಗಾಗಿ ಊರು ಕೈಹಿಡಿಯುತ್ತದೆ. ಒಬ್ಬರು ಅಕ್ಕಿ ಮೂಟೆ ಕೊಡುತ್ತಾರೆ. ಇನ್ನೊಬ್ಬರು ತೋಟದಿಂದ ತೆಂಗಿನಕಾಯಿ ಕಳಿಸುತ್ತಾರೆ. ಡೇರಿಯವರು ಹಾಲು. ಒಂದೊಂದು ರಾತ್ರಿಯ ಊಟವನ್ನು ಒಂದೊಂದು ಮನೆಯವರು ವಹಿಸಿಕೊಳ್ಳುತ್ತಾರೆ. ಮುದ್ದೆ ತಿನ್ನಲು ಬಾರದ ಹುಡುಗರಿಗೆ ಅನ್ನ ಬೇರೆ ಮಾಡುತ್ತಾರೆ. ಏಳು ದಿನದಲ್ಲಿ ಸಾವಿರಕ್ಕೂ ಹೆಚ್ಚು ಊಟದ ಎಲೆ ಬೀಳುತ್ತವೆ.

ಹಾಗಾದರೆ ಸೇವೆ ಮಾಡಿದವರು ಯಾರು, ಮಾಡಿಸಿಕೊಂಡವರು ಯಾರು? ನನ್ನ ಪ್ರಕಾರ ಆ ವಾರ ಊರೇ ಕಾಲೇಜಿಗೆ ಕೊಡುತ್ತದೆ. ಜಾಗ, ಊಟ, ಸಮಯ, ಕಲಿಸುವ ತಾಳ್ಮೆ ಎಲ್ಲ ಊರಿನದು. ಇದರಲ್ಲಿ ತಪ್ಪೇನೂ ಇಲ್ಲ. ಹಳ್ಳಿಯಿಂದ ಕಲಿಯಲು ಬಂದಿದ್ದೇವೆ ಅಂತ ಒಪ್ಪಿಕೊಂಡರೆ ಆಯಿತು. ಆದರೆ ನಾವು ವೇದಿಕೆ ಹತ್ತಿ "ನಿಮ್ಮ ಊರನ್ನು ಉದ್ಧಾರ ಮಾಡಲು ಬಂದಿದ್ದೇವೆ" ಅನ್ನುತ್ತೇವೆ. ಸ್ವಚ್ಛತೆಯ ಬಗ್ಗೆ ಭಾಷಣ ಮಾಡುತ್ತೇವೆ. ಕೇಳುತ್ತ ಕೂತವರಲ್ಲಿ ದಿನಾ ಬೆಳಗಿನ ಜಾವ ಎದ್ದು ಅಂಗಳ ಗುಡಿಸಿ ಸಾರಿಸಿ ರಂಗೋಲಿ ಹಾಕುವ ಹೆಂಗಸರಿರುತ್ತಾರೆ.

ಕಲಿತಿದ್ದೇವೆ ಅಂತ ಒಪ್ಪಿಕೊಂಡರೆ ಋಣ ತೀರಿಸಬೇಕು ಅನ್ನುವುದೂ ಬರುತ್ತದೆ. ಏಳೇ ದಿನದಲ್ಲಿ ಅದು ತೀರುವುದಿಲ್ಲ. ಆ ಊರಿಗೇ ಮತ್ತೆ ಹೋಗಬೇಕು.

ಶಿಬಿರಕ್ಕೆ ಬರುವವರು ಯಾರು?

ಇಲ್ಲಿ ಒಂದು ವಿಷಯವನ್ನು ತುಂಬ ಜನ ಗಮನಿಸುವುದಿಲ್ಲ. ಸೇವಾ ಶಿಬಿರ ಅಂದ ತಕ್ಷಣ ಪೇಟೆಯ ಮಕ್ಕಳು ಹಳ್ಳಿ ನೋಡಲು ಹೋಗುತ್ತಾರೆ ಅನ್ನುವ ಚಿತ್ರ ಕಣ್ಣಮುಂದೆ ಬರುತ್ತದೆ. ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜುಗಳ ಮಟ್ಟಿಗೆ ಅದು ಸರಿ ಇರಬಹುದು. ಆದರೆ ತಾಲ್ಲೂಕು ಕೇಂದ್ರದ ಸರ್ಕಾರಿ ಪದವಿ ಕಾಲೇಜಿಗೆ ಬನ್ನಿ. ಅಲ್ಲಿನ ಸ್ವಯಂಸೇವಕರಲ್ಲಿ ಬಹುಪಾಲು ಮಕ್ಕಳು ಹಳ್ಳಿಯಿಂದಲೇ ಬರುವವರು. ಮನೆಯಲ್ಲಿ ಹಾಲು ಕರೆದು, ನೀರು ಹೊತ್ತು, ಬಸ್ಸು ಹಿಡಿದು ಕಾಲೇಜಿಗೆ ಬರುವವರು. ಅವರಿಗೆ ಹಳ್ಳಿ ತೋರಿಸುವ ಅಗತ್ಯವೇ ಇಲ್ಲ.

ಹಾಗಾದರೆ ಶಿಬಿರ ಅವರಿಗೆ ಏನು ಕೊಡುತ್ತದೆ? ನಾನು ನೋಡಿದಂತೆ, ಅದರಲ್ಲೂ ಹುಡುಗಿಯರಿಗೆ, ಬಹಳ ದೊಡ್ಡದನ್ನು ಕೊಡುತ್ತದೆ. ಒಂದು ವಾರ ಮನೆಯಿಂದ ಹೊರಗೆ ಇರಲು ಅಪ್ಪನ ಕೈಲಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವುದೇ ಅವರಿಗೆ ಮೊದಲ ಗೆಲುವು. ಎಷ್ಟೋ ಮನೆಗಳಿಗೆ ನಾನೇ ಫೋನ್ ಮಾಡಿ, "ಮೇಡಂ ಕೂಡ ಅಲ್ಲೇ ಇರ್ತಾರೆ ಯಜಮಾನ್ರೆ, ಹುಡುಗಿಯರು ಮಲಗೋ ಕೋಣೆಗೆ ಒಳಗಿಂದ ಚಿಲಕ ಇದೆ" ಅಂತ ಹೇಳಿದ್ದೇನೆ. ಕೊನೆಯ ರಾತ್ರಿ ಶಿಬಿರ ಜ್ಯೋತಿಯ ಮುಂದೆ ಒಬ್ಬ ಹುಡುಗಿ ಮೈಕು ಹಿಡಿದು ನಿಂತಳು. ಎರಡು ನಿಮಿಷ ಮಾತೇ ಹೊರಡಲಿಲ್ಲ. ಆಮೇಲೆ ಹೇಳಿದಳು: ನೆಂಟರ ಮನೆ ಬಿಟ್ಟು ಬೇರೆ ಎಲ್ಲೂ ಒಂದು ರಾತ್ರಿ ಮಲಗಿದ್ದಿಲ್ಲ, ನನ್ನ ಹೆಸರನ್ನು ಮೈಕಿನಲ್ಲಿ ಕೇಳಿದ್ದು ಇದೇ ಮೊದಲು.

ಅದೇ ಹುಡುಗಿ ಎರಡನೇ ದಿನ ನನಗೊಂದು ಪಾಠ ಕಲಿಸಿದ್ದಳು. ಶೌಚಾಲಯ ಬಳಸಿ ಅಂತ ಬೀದಿ ನಾಟಕ ಮಾಡಲು ನಾವು ತಯಾರಿ ನಡೆಸಿದ್ದೆವು. ಅವಳು ಬಂದು, "ಸಾರ್, ಎಲ್ಲಾರ ಮನೇಲೂ ಶೌಚಾಲಯ ಇದೆ. ಒಳಗೆ ಸೌದೆ ತುಂಬವ್ರೆ. ಯಾಕೆ ಅಂದ್ರೆ ನೀರಿಲ್ಲ. ಇರೋ ಎರಡು ಕೊಡ ಕುಡಿಯೋಕೇ ಸಾಲಲ್ಲ. ನಮ್ಮೂರಲ್ಲೂ ಹಿಂಗೇ" ಅಂದಳು. ನಾಟಕ ಕೈಬಿಟ್ಟೆವು. ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಯಾವ ಬೀದಿಗೆ ಬರುವುದೇ ಇಲ್ಲ ಅಂತ ಬರೆದುಕೊಂಡು ಪಂಚಾಯಿತಿಗೆ ಅರ್ಜಿ ಕೊಟ್ಟೆವು. ಹಳ್ಳಿಯ ಮಕ್ಕಳಿಗೆ ಹಳ್ಳಿ ಓದಲು ಬರುತ್ತದೆ. ಅವರನ್ನು ಬರೀ ಹಾರೆ ಹಿಡಿಯಲು ಹಚ್ಚುವುದು ಆ ತಿಳಿವಳಿಕೆಯನ್ನು ಹಾಳು ಮಾಡಿದಂತೆ.

ಜಾತಿಯ ಮಾತನ್ನೂ ಆಡಲೇಬೇಕು. ಯಾವ ಬೀದಿಯಲ್ಲಿ ಶ್ರಮದಾನ ಅಂತ ತೀರ್ಮಾನ ಮಾಡುವವರು ಊರಿನ ಮುಖಂಡರು. ಹಾಗಾಗಿ ಸಾಮಾನ್ಯವಾಗಿ ದೇವಸ್ಥಾನದ ಮುಂದೆ, ಊರ ಬಾಗಿಲ ರಸ್ತೆಯಲ್ಲಿ, ಶಾಲೆಯ ಸುತ್ತ ಕೆಲಸ ನಡೆಯುತ್ತದೆ. ಊರಾಚೆಯ ಕಾಲೋನಿಯವರೆಗೆ ಹಾರೆ ಹೋಗುವುದಿಲ್ಲ. ಊಟಕ್ಕೆ ಕೂತ ಹುಡುಗನನ್ನು ಹಿರಿಯರೊಬ್ಬರು ಪ್ರೀತಿಯಿಂದಲೇ "ನೀವು ಯಾವ ಜನ?" ಅಂತ ಕೇಳುತ್ತಾರೆ. ಆ ಹುಡುಗ ಒಂದು ಕ್ಷಣ ತಟ್ಟೆ ನೋಡುತ್ತ ಸುಮ್ಮನಾಗುತ್ತಾನೆ. ಪಕ್ಕದಲ್ಲಿ ಕೂತ ಗೆಳೆಯನಿಗೆ ಆ ಒಂದು ಕ್ಷಣದಲ್ಲಿ ಅರ್ಥವಾಗುವುದು ಯಾವ ಪಠ್ಯದಲ್ಲೂ ಅರ್ಥವಾಗುವುದಿಲ್ಲ. ಶಿಬಿರಾಧಿಕಾರಿ ಮೊದಲೇ ಗಟ್ಟಿಯಾಗಿ ನಿಂತು, ಕೆಲಸ ಕಾಲೋನಿಯಿಂದಲೇ ಶುರುವಾಗಲಿ ಅನ್ನಬೇಕು. ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂರುತ್ತೇವೆ ಅನ್ನುವುದನ್ನು ಊರಿಗೆ ಹೋಗುವ ಮುಂಚೆಯೇ ಹೇಳಿಬಿಡಬೇಕು. ಹೋದ ಮೇಲೆ ಹೇಳಿದರೆ ತಡವಾಗಿರುತ್ತದೆ.

ಪಾಯಿಂಟು, ಪ್ರಮಾಣಪತ್ರ, ಫೋಟೊ

ಈ ಹತ್ತು ವರ್ಷದಲ್ಲಿ ಸೇವೆಗೆ ಅಂಕ ಕೊಡುವುದು ಜಾಸ್ತಿಯಾಗಿದೆ. 2018ರ ಬೇಸಿಗೆಯಲ್ಲಿ ಕೇಂದ್ರ ಸರ್ಕಾರ ಸ್ವಚ್ಛ ಭಾರತ ಇಂಟರ್ನ್‌ಶಿಪ್ ತಂದಿತು. ಹಳ್ಳಿಯಲ್ಲಿ 100 ಗಂಟೆ ಕೆಲಸ ಮಾಡಿದರೆ 2 ಕ್ರೆಡಿಟ್. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ವ್ಯಾಪ್ತಿಯ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಪದವಿ ಮುಗಿಸುವುದರೊಳಗೆ ಸಮಾಜದ ಕೆಲಸಕ್ಕೆ ಕೊಡುವ 100 ಆಕ್ಟಿವಿಟಿ ಪಾಯಿಂಟ್ ಗಳಿಸಬೇಕು. ಡಿಪ್ಲೊಮಾ ಮುಗಿಸಿ ಎರಡನೇ ವರ್ಷಕ್ಕೆ ಸೇರಿದವರಿಗೆ 75. ಈ ಪಾಯಿಂಟು ಅಂಕಗಳ ಸರಾಸರಿಗೆ ಸೇರುವುದಿಲ್ಲ. ಆದರೆ ಇದಿಲ್ಲದೆ ಪದವಿ ಕೈಗೆ ಬರುವುದಿಲ್ಲ. ಇದರ ಜೊತೆಗೆ 2014ರ ಉನ್ನತ ಭಾರತ ಅಭಿಯಾನದಲ್ಲಿ ಒಂದೊಂದು ಕಾಲೇಜು ಐದೈದು ಹಳ್ಳಿಗಳನ್ನು ದತ್ತು ತೆಗೆದುಕೊಳ್ಳುತ್ತದೆ.

ಉದ್ದೇಶ ಒಳ್ಳೆಯದೇ. ಕಡ್ಡಾಯ ಮಾಡದಿದ್ದರೆ ಎಷ್ಟೋ ಮಕ್ಕಳು ಕ್ಯಾಂಪಸ್ಸಿನ ಗೇಟು ದಾಟುವುದೇ ಇಲ್ಲ. ಆದರೆ ನನ್ನ ಅಕ್ಕನ ಮಗ ಕೊನೆಯ ಸೆಮಿಸ್ಟರಿನಲ್ಲಿ ಹೇಳಿದ ಕತೆ ಕೇಳಿ. ಪಾಯಿಂಟು ಕಡಿಮೆ ಇದ್ದ ಹುಡುಗರನ್ನೆಲ್ಲ ಒಂದು ಬಸ್ಸಿನಲ್ಲಿ ತುಂಬಿ ಊರ ಹೊರಗಿನ ಒಂದು ಕೆರೆಗೆ ಕರೆದುಕೊಂಡು ಹೋದರಂತೆ. "ಮಾಮ, ಒಂದೇ ದಿನ ನಾಲ್ಕು ಬ್ಯಾನರ್ ಬದಲಾಯಿಸಿದ್ರು. ನಾಲ್ಕು ದಿನದ ಫೋಟೊ ಅಂತ ಕಾಣ್ಬೇಕಲ್ವಾ, ಅದಕ್ಕೆ ಬೇರೆ ಅಂಗಿ ತರೋಕೆ ಮೊದ್ಲೇ ಹೇಳಿದ್ರು" ಅಂದ. ಅವನಿಗೂ ಅದು ಹಿಡಿಸಿರಲಿಲ್ಲ. ಹೇಳುವಾಗ ತಲೆ ತಗ್ಗಿಸಿದ್ದ.

ಇದು ಆ ಹುಡುಗರ ತಪ್ಪು ಅಂತ ನಾನು ಹೇಳುವುದಿಲ್ಲ. ವರದಿಯಲ್ಲಿ ಏನು ಕೇಳುತ್ತೇವೋ ಮಕ್ಕಳು ಅದನ್ನೇ ತಂದುಕೊಡುತ್ತಾರೆ. ಎಷ್ಟು ಜನ ಬಂದರು, ಎಷ್ಟು ಗಂಟೆ, ಎಷ್ಟು ಗಿಡ, ಎಷ್ಟು ಫೋಟೊ ಅಂತ ಕೇಳುತ್ತೇವೆ. ನಾನೂ ಆ ವರದಿಯಲ್ಲಿ "60 ಸಸಿ ನೆಡಲಾಯಿತು" ಅಂತಲೇ ಬರೆದೆ. ಅದು ನಿಜವೂ ಆಗಿತ್ತು. ನಾಲ್ಕೇ ಉಳಿದವು ಅಂತ ಬರೆಯಲು ಅದರಲ್ಲಿ ಜಾಗ ಇರಲಿಲ್ಲ. ಸಾಮಾನ್ಯವಾಗಿ ಮುಂದಿನ ವರ್ಷ ಬೇರೆ ಊರು, ಬೇರೆ ವರದಿ. ಪ್ರತಿ ವರದಿಯ ಮೊದಲ ಪುಟದಲ್ಲಿ "ಹೋದ ವರ್ಷ ಮಾಡಿದ ಕೆಲಸ ಈಗ ಹೇಗಿದೆ?" ಅನ್ನುವ ಒಂದೇ ಒಂದು ಪ್ರಶ್ನೆ ಸೇರಿಸಿದರೆ ಸಾಕು, ಬಹಳಷ್ಟು ತಾನಾಗಿ ಸರಿಹೋಗುತ್ತದೆ ಅಂತ ನನಗೆ ಅನ್ನಿಸುತ್ತದೆ. ಆ ಪ್ರಶ್ನೆಗೆ ಉತ್ತರ ಬರೆಯಲು ಆ ಊರಿಗೆ ಮತ್ತೆ ಹೋಗಲೇಬೇಕು.

ದತ್ತು ತೆಗೆದುಕೊಂಡ ಊರಿನಲ್ಲೇ ನಿರಂತರವಾಗಿ ಕೆಲಸ ಮಾಡಬೇಕು ಅನ್ನುವುದು ಎನ್‌ಎಸ್‌ಎಸ್ ಕೈಪಿಡಿಯಲ್ಲೇ ಇದೆ. ಮತ್ತೆ ಯಾಕೆ ಆಗುವುದಿಲ್ಲ? ನನಗೆ ಕಂಡ ಕಾರಣಗಳು ದೊಡ್ಡವೇನಲ್ಲ. ಹೋದ ವರ್ಷ ಅಕ್ಕಿ ಕೊಟ್ಟವರನ್ನೇ ಈ ವರ್ಷವೂ ಕೇಳಲು ಸಂಕೋಚ. ಇನ್ನೊಂದು ಊರಿನ ಮುಖಂಡರು ನಮ್ಮಲ್ಲಿಗೆ ಬನ್ನಿ ಅಂತ ಕರೆದಿರುತ್ತಾರೆ. ಶಿಬಿರಾಧಿಕಾರಿಯ ಅವಧಿ ಮೂರು ವರ್ಷ, ಹೆಚ್ಚೆಂದರೆ ಇನ್ನೊಂದು ವರ್ಷ. ಸ್ವಯಂಸೇವಕರದು ಎರಡೇ ವರ್ಷ. ಊರಿಗೂ ಕಾಲೇಜಿಗೂ ಪರಿಚಯ ಗಟ್ಟಿಯಾಗುವ ಹೊತ್ತಿಗೆ ಜನ ಬದಲಾಗಿರುತ್ತಾರೆ. ಊರಲ್ಲಿ ಇರುವವರು ಮಾತ್ರ ಅವರೇ.

ಇನ್ನು ಸೆಮಿಸ್ಟರ್ ಪದ್ಧತಿ. ಪರೀಕ್ಷೆ ಮುಗಿದು ಮುಂದಿನ ತರಗತಿ ಶುರುವಾಗುವ ನಡುವಿನ ಸಂದಿಯಲ್ಲಿ ಶಿಬಿರ ನಡೆಯಬೇಕು. ಮಳೆಗೂ ಬೆಳೆಗೂ ಆ ವೇಳಾಪಟ್ಟಿಗೂ ಸಂಬಂಧವೇ ಇಲ್ಲ. ಬರದ ಏಪ್ರಿಲ್‌ನಲ್ಲಿ ನಾವು ಗಿಡ ನೆಟ್ಟದ್ದು ಹಾಗೆ.

ನಿಂತು ಮಾಡಿದವರು

ಬೆಂಗಳೂರಿನಲ್ಲಿ ಹುಟ್ಟಿದ ಎಸ್.ಎನ್. ಸುಬ್ಬರಾವ್ ಅವರನ್ನು ಇಲ್ಲಿ ನೆನೆಯಬೇಕು. ದೇಶದ ಯುವಜನರಿಗೆ ಅವರು ಭಾಯೀಜಿ. ಹದಿಮೂರರ ವಯಸ್ಸಿನಲ್ಲೇ ಕ್ವಿಟ್ ಇಂಡಿಯಾ ಚಳವಳಿಗೆ ಇಳಿದವರು. ಬದುಕಿನುದ್ದಕ್ಕೂ ಖಾದಿ ಚಡ್ಡಿ, ಅಂಗಿ ತೊಟ್ಟು ಊರೂರಲ್ಲಿ ಯುವ ಶಿಬಿರ ನಡೆಸಿದರು. ಚಂಬಲ್ ಕಣಿವೆಯಲ್ಲಿ ಡಕಾಯಿತರ ಕಾಟ ಜೋರಾಗಿದ್ದಾಗ ಯುವಕರನ್ನು ಕಟ್ಟಿಕೊಂಡು ಅಲ್ಲಿಗೂ ಹೋದರು. ಶಿಬಿರ ಮಾಡಿ ವಾಪಸ್ ಬರಲಿಲ್ಲ. 1970ರಲ್ಲಿ ಮಧ್ಯಪ್ರದೇಶದ ಜೌರಾದಲ್ಲಿ ಗಾಂಧಿ ಸೇವಾ ಆಶ್ರಮ ಕಟ್ಟಿ ಅಲ್ಲೇ ನೆಲೆ ಮಾಡಿಕೊಂಡರು. 1972ರ ಏಪ್ರಿಲ್‌ನಲ್ಲಿ ಜಯಪ್ರಕಾಶ ನಾರಾಯಣರ ಎದುರು ಡಕಾಯಿತರು ಸಾಲಾಗಿ ಬಂದು ಗಾಂಧಿ ಚಿತ್ರದ ಮುಂದೆ ಬಂದೂಕು ಇಟ್ಟದ್ದು ಅದೇ ಜೌರಾದಲ್ಲಿ. ಅಷ್ಟು ದೊಡ್ಡ ಕೆಲಸದ ಹಿಂದೆ ಬಹಳ ಜನರಿದ್ದರು. ಆದರೆ ಶಿಬಿರ ಮುಗಿದ ಮೇಲೂ ಅಲ್ಲೇ ಉಳಿದವರು ಇಲ್ಲದಿದ್ದರೆ ಅದು ಆಗುತ್ತಿರಲಿಲ್ಲ. ಸುಬ್ಬರಾವ್ 2021ರಲ್ಲಿ ತೀರಿಕೊಂಡರು.

ಎಲ್ಲ ಕಾಲೇಜೂ ಆಶ್ರಮ ಕಟ್ಟಲು ಆಗುವುದಿಲ್ಲ, ನಿಜ. ಆದರೆ ಮತ್ತೆ ಮತ್ತೆ ಹೋಗುವ ವ್ಯವಸ್ಥೆ ಮಾಡಲು ಆಗುತ್ತದೆ. ವೈದ್ಯಕೀಯ ಕಾಲೇಜುಗಳಲ್ಲಿ ಈಗ ಕುಟುಂಬ ದತ್ತು ಕಾರ್ಯಕ್ರಮ ಬಂದಿದೆ. ಎಂಬಿಬಿಎಸ್ ಮೊದಲ ವರ್ಷದಲ್ಲೇ ಒಬ್ಬ ವಿದ್ಯಾರ್ಥಿಗೆ ಮೂರರಿಂದ ಐದು ಮನೆ ಒಪ್ಪಿಸುತ್ತಾರೆ. ಆ ವಿದ್ಯಾರ್ಥಿ ಮುಂದಿನ ವರ್ಷಗಳಲ್ಲೂ ಅದೇ ಮನೆಗಳಿಗೆ ಹೋಗಿ ಬರಬೇಕು. ಮನೆಯ ಅಜ್ಜನ ಬಿಪಿ, ಬಸುರಿಯ ತೂಕ, ಮಗುವಿನ ಲಸಿಕೆ ಎಲ್ಲದರ ಲೆಕ್ಕ ಇಡಬೇಕು. ಇದರ ಜಾರಿಯಲ್ಲೂ ಕುಂದು ಇರಬಹುದು. ಆದರೆ ಆಲೋಚನೆ ಸರಿಯಾಗಿದೆ. ಇಲ್ಲಿ ಊರಿನ ಮೇಲೆ ಬ್ಯಾನರ್ ಕಟ್ಟುವ ಮಾತಿಲ್ಲ. ಒಬ್ಬ ವಿದ್ಯಾರ್ಥಿಗೂ ಒಂದು ಮನೆಗೂ ಹೆಸರು ಹಿಡಿದು ಕರೆಯುವ ಸಂಬಂಧ.

ಬೇರೆ ದೇಶಗಳಲ್ಲೂ ಇದೇ ಪ್ರಶ್ನೆ ಇದೆ. ಅಮೆರಿಕದಲ್ಲಿ ವಸಂತದ ರಜೆಗೆ ಸಮುದ್ರ ತೀರಕ್ಕೆ ಮೋಜಿಗೆ ಹೋಗುವ ಬದಲು ಸೇವೆಗೆ ಹೋಗೋಣ ಅಂತ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು 1987ರಲ್ಲಿ ಹೊರಟರು. 2005ರ ಕತ್ರಿನಾ ಚಂಡಮಾರುತದ ನಂತರ ಸಾವಿರಾರು ವಿದ್ಯಾರ್ಥಿಗಳು ರಜೆಯಲ್ಲಿ ನ್ಯೂ ಆರ್ಲಿಯನ್ಸ್‌ಗೆ ಹೋಗಿ ಕೆಸರು ಬಳಿದರು, ಮನೆ ರಿಪೇರಿ ಮಾಡಿದರು. ಹೋಗುವ ಮುಂಚೆ ಆ ಊರಿನ ಕಷ್ಟದ ಬಗ್ಗೆ ಓದಿಕೊಂಡು ಹೋಗಬೇಕು, ಬಂದ ಮೇಲೂ ಆ ಕೆಲಸದ ನಂಟು ಬಿಡಬಾರದು ಅನ್ನುವುದನ್ನು ಅವರು ನಿಯಮವಾಗಿ ಮಾಡಿಕೊಂಡಿದ್ದಾರೆ. ನಮ್ಮಲ್ಲಿ ಕೊರತೆ ಇರುವುದು ಸರಿಯಾಗಿ ಇವೆರಡೇ ಜಾಗದಲ್ಲಿ.

ಹನ್ನೊಂದು ಹೆಸರು

ಎರಡನೇ ವರ್ಷ ಅದೇ ಊರಿಗೆ ಹೋಗೋಣ ಅಂತ ನಾನು ಹಟ ಹಿಡಿದೆ. ಈ ಸಲ ಹಾರೆಗಿಂತ ಪೆನ್ನು ಜಾಸ್ತಿ ತೆಗೆದುಕೊಂಡು ಹೋದೆವು. ನಮ್ಮ ಮಕ್ಕಳ ಕೈಯಲ್ಲಿ ಊರಿಗೆ ಇಲ್ಲದ ಮೂರು ವಸ್ತು ಇದ್ದವು. ಅರ್ಜಿ ಓದಿ ತುಂಬುವ ವಿದ್ಯೆ, ಇಂಟರ್ನೆಟ್ ಇರುವ ಫೋನು, ಕೂತು ಕೇಳುವ ಪುರುಸೊತ್ತು. ಇಬ್ಬಿಬ್ಬರ ಜೋಡಿ ಮಾಡಿ ಮನೆ ಮನೆಗೆ ಕಳಿಸಿದೆ. ನಮ್ಮಲ್ಲಿ ಪ್ರಶ್ನೆಪಟ್ಟಿ ಇತ್ತು. ಆದರೆ ಅದನ್ನು ಮೊದಲು ತೆಗೆಯಬೇಡಿ, ನೀರು ಕೇಳಿ ಕುಡಿಯಿರಿ, ಕೂತುಕೊಳ್ಳಿ, ಮಾತಾಡಿ ಅಂತ ಹೇಳಿದ್ದೆ.

ಕಾಲೋನಿಯ ಕೊನೆಯ ಮನೆಯಲ್ಲಿ ಒಬ್ಬ ಅಜ್ಜಿ ಇದ್ದರು. ಮಂಚದ ಕೆಳಗಿನ ತಗಡಿನ ಪೆಟ್ಟಿಗೆಯಿಂದ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಕಾಗದಗಳನ್ನೆಲ್ಲ ತಂದು ಹುಡುಗಿಯರ ಮಡಿಲಿಗೆ ಹಾಕಿದರು. "ನೋಡು ಮಗ, ಇದ್ರಾಗೆ ಏನೈತೆ ಅಂತ. ಸಂಬ್ಳ ಬಂದು ನಾಕ್ ತಿಂಗ್ಳಾತು." ಸಂಬಳ ಅಂದರೆ ಸಂಧ್ಯಾ ಸುರಕ್ಷಾ ಪಿಂಚಣಿ, ತಿಂಗಳಿಗೆ 1,200 ರೂಪಾಯಿ. ಹುಡುಗಿಯರು ಕಾಗದ ಬಿಡಿಸಿ ನೋಡಿದರು. ಆಧಾರ್ ಕಾರ್ಡಿನಲ್ಲಿ ಒಂದು ಹೆಸರು, ಬ್ಯಾಂಕ್ ಪುಸ್ತಕದಲ್ಲಿ ಇನ್ನೊಂದು. ಒಂದು ತವರಲ್ಲಿ ಕರೆಯುತ್ತಿದ್ದದ್ದು, ಇನ್ನೊಂದು ಗಂಡನ ಮನೆಯಲ್ಲಿ ಇಟ್ಟದ್ದು. ಅಜ್ಜಿಯ ಮಟ್ಟಿಗೆ ಎರಡೂ ಅವರೇ. ಕಂಪ್ಯೂಟರಿಗೆ ಮಾತ್ರ ಇಬ್ಬರು ಬೇರೆ ಬೇರೆ ಹೆಂಗಸರು.

ಇಂಥವು ಒಟ್ಟು ಹನ್ನೊಂದು ಸಿಕ್ಕವು. ಪಿಂಚಣಿ ನಿಂತವರು, ರೇಷನ್ ಕಾರ್ಡಿನಿಂದ ಹೆಸರು ಬಿಟ್ಟುಹೋದವರು, ಅಂಗವಿಕಲ ಮಗನಿಗೆ ಗುರುತಿನ ಚೀಟಿ ಮಾಡಿಸಲು ಎಲ್ಲಿಗೆ ಹೋಗಬೇಕು ಅಂತ ಗೊತ್ತಿಲ್ಲದ ಒಬ್ಬ ತಾಯಿ. ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ಹನ್ನೊಂದು ಹೆಸರು ಬರೆದೆವು. ಪಕ್ಕದಲ್ಲಿ ಯಾವ ಕಚೇರಿ, ಏನೇನು ಕಾಗದ ಬೇಕು, ಯಾರು ಜೊತೆಗೆ ಹೋಗುತ್ತಾರೆ ಅಂತ ಬರೆದೆವು.

ಏಳು ದಿನದಲ್ಲಿ ಒಂದೂ ಬಗೆಹರಿಯಲಿಲ್ಲ. ಶಿಬಿರದ ಲೆಕ್ಕದಲ್ಲಿ ನೋಡಿದರೆ ಅದು ಸೋಲು. ಆದರೆ ಅದೇ ತಾಲ್ಲೂಕಿನ ಇಬ್ಬರು ಹುಡುಗಿಯರು ಬಿಡಲಿಲ್ಲ. ಅಜ್ಜಿಯ ಜೊತೆ ಹೋಬಳಿಯ ನಾಡಕಚೇರಿಗೆ ಮೂರು ಸಲ ಹೋದರು. ಒಂದು ಸಲ ಸರ್ವರ್ ಇರಲಿಲ್ಲ. ಇನ್ನೊಂದು ಸಲ ಅಜ್ಜಿಯ ಬೆರಳು ಸವೆದು ಯಂತ್ರ ಗುರುತೇ ಹಿಡಿಯಲಿಲ್ಲ. ಐದನೇ ತಿಂಗಳಿಗೆ ದುಡ್ಡು ಬಂತು. ಅಜ್ಜಿ ಬ್ಯಾಂಕಿನಿಂದ ನೇರ ಬಸ್‌ಸ್ಟ್ಯಾಂಡಿಗೆ ಬಂದು, ಅವರಿಬ್ಬರು ಕಾಲೇಜಿನಿಂದ ಬರುವವರೆಗೂ ಕಾದು ಕೂತು, ಸೆರಗಿನ ಗಂಟು ಬಿಚ್ಚಿ ಇಬ್ಬರಿಗೂ ಒಂದೊಂದು ಕಂಬರ್‌ಕಟ್ಟು ಕೊಟ್ಟರಂತೆ.

ಗಿಡ ನೆಡುವುದನ್ನೂ ಬಿಟ್ಟಿಲ್ಲ. ಅದನ್ನು ಶಿಬಿರದಿಂದ ತೆಗೆದು ಜುಲೈ ತಿಂಗಳ ಒಂದು ಭಾನುವಾರಕ್ಕೆ ಹಾಕಿದೆವು. ಮಳೆ ಹಿಡಿದಿತ್ತು. ಅರವತ್ತರ ಬದಲು ಇಪ್ಪತ್ತು. ಎಲ್ಲಿ ನೆಡಬೇಕು ಅಂತ ಅಡುಗೆಯ ಅಮ್ಮನನ್ನೇ ಕೇಳಿದೆವು. ಕೈತೊಳೆಯುವ ನಲ್ಲಿಯ ನೀರು ಹರಿದು ಹೋಗುವ ದಾರಿಯನ್ನು ಅವರು ತೋರಿಸಿದರು. ಆ ಸಾಲಿನಲ್ಲಿ ನೆಟ್ಟ ಇಪ್ಪತ್ತರಲ್ಲಿ ಹದಿನಾರು ಈಗ ನನ್ನ ಎದೆಯೆತ್ತರ ಇವೆ.

ಕಳೆದ ಜೂನ್‌ಗೆ ನನ್ನ ಮೂರು ವರ್ಷ ಮುಗಿಯಿತು. ಹೊಸ ಶಿಬಿರಾಧಿಕಾರಿಗೆ ಬೀರುವಿನ ಬೀಗದ ಕೈ, ಹಾಜರಿ ಪುಸ್ತಕ, ಲೆಕ್ಕದ ಫೈಲು ಒಪ್ಪಿಸಿದೆ. ಕೊನೆಗೆ ಆ ನೋಟ್‌ಬುಕ್ಕನ್ನೂ ಕೊಟ್ಟೆ. ಅವರು ಅರ್ಥಶಾಸ್ತ್ರದ ಉಪನ್ಯಾಸಕರು, ನನಗಿಂತ ಹತ್ತು ವರ್ಷ ಚಿಕ್ಕವರು. ಪುಟ ತಿರುಗಿಸಿ ನೋಡಿದರು. ಎಂಟು ಹೆಸರಿನ ಮುಂದೆ ಟಿಕ್ ಇತ್ತು, ಮೂರು ಹೆಸರು ಹಾಗೇ ಉಳಿದಿದ್ದವು.

"ಈ ಊರಿಗೆ ಬಸ್ ಎಷ್ಟು ಗಂಟೆಗೆ ಇದೆ ಸರ್?" ಅಂತ ಕೇಳಿದರು.

ಬೆಳಿಗ್ಗೆ 7.40ಕ್ಕೆ ಒಂದು, ಅದು ತಪ್ಪಿದರೆ ಮಧ್ಯಾಹ್ನ ಒಂದು ಗಂಟೆಗೆ ಅಂದೆ.